ಸೂಲಿಬೆಲೆ ರಸ್ತೆಯ ಕಡೆ ತೋಟಗಳ ಪಕ್ಕ ಇರುವವರು: ಔಷಧಿ ಹೊಡೆದ ದಿನಗಳ ಲೆಕ್ಕ ಯಾರಾದರೂ ಇಟ್ಟಿದ್ದೀರಾ?

ಕೊನೆ ಸಾಲಿನ ಮನೆ

ಹೊಸಕೋಟೆಯಿಂದ ಸೂಲಿಬೆಲೆಗೆ ಹೋಗುವ ರಸ್ತೆಯ ಬದಿಯ ಬಡಾವಣೆಯಲ್ಲಿ ಎರಡು ವರ್ಷದ ಹಿಂದೆ ಮನೆ ಕಟ್ಟಿಸಿದೆವು. ನಮ್ಮದು ಕೊನೆಯ ಸಾಲು. ಕಾಂಪೌಂಡ್ ಗೋಡೆಯ ಆಚೆ, ಪೂರ್ವಕ್ಕೆ, ಟೊಮೆಟೊ ತೋಟ. ಅದರ ಪಕ್ಕ ಹಿಪ್ಪುನೇರಳೆ. ಇನ್ನೂ ಆಚೆ ಗುಲಾಬಿ ಬೆಳೆಯುವ ಪಾಲಿಹೌಸ್.

ದೀಪಾವಳಿಯಿಂದ ಈಚೆಗೆ ಮೂರು ಬಾರಿ ನನ್ನ ಆರು ವರ್ಷದ ಮಗಳಿಗೆ ಬೆಳಗ್ಗೆ ಕಣ್ಣು ಉರಿ, ಕೆಮ್ಮು, ಒಮ್ಮೆ ವಾಂತಿ. ಮೂರು ದಿನವೂ ಗೋಡೆಯ ಆಚೆ ಔಷಧಿ ಹೊಡೆಯುತ್ತಿದ್ದರು. ಹತ್ತಿರದ ಕ್ಲಿನಿಕ್‌ನಲ್ಲಿ ಧೂಳಿನ ಅಲರ್ಜಿ ಎಂದು ಹೇಳಿ ಸಿರಪ್ ಕೊಟ್ಟರು. ಇರಬಹುದು, ಅಲ್ಲದೆಯೂ ಇರಬಹುದು. ಮೊದಲ ಎರಡು ದಿನಾಂಕಗಳನ್ನು ನೆನಪಿನಿಂದ ಬರೆದೆ, ಮೂರನೆಯದನ್ನು ಮಾತ್ರ ಆ ಹೊತ್ತಿಗೇ ಬರೆದಿಟ್ಟೆ. ಇಷ್ಟರ ಆಧಾರದ ಮೇಲೆ ಯಾರ ಮುಂದೆಯೂ ಹೋಗಿ ನಿಲ್ಲಲಾರೆ.

ನಾನು ಶಿರಾ ಕಡೆಯ ರೈತನ ಮಗಳು. ರೈತರ ಮೇಲೆ ದೂರು ಕೊಡುವ ಮನಸ್ಸಿಲ್ಲ. ನಮ್ಮ ಗಾಳಿಯಲ್ಲಿ ಏನು ಬರುತ್ತಿದೆ, ಯಾವಾಗ ಬರುತ್ತಿದೆ ಎಂಬುದನ್ನು ಸಾಮಾನ್ಯ ಜನರು ಹೇಗೆ ಗಮನಿಸಿ ದಾಖಲಿಸಬಹುದು? ತಿಳಿದವರು ಹೇಳಿ.

ಮೂರನೇ ಅಡ್ಡರಸ್ತೆ ನಿವಾಸಿ

ಮೇಡಂ, ನಾನೂ ಅದೇ ಬಡಾವಣೆಯವನು. ನನ್ನ ತಂದೆಗೆ ಉಬ್ಬಸವಿದೆ. ಔಷಧಿ ಹೊಡೆದ ದಿನ ಕಿಟಕಿ ತೆಗೆಯುವುದಿಲ್ಲ. ಸಂಘದ ವತಿಯಿಂದ ಪೊಲೀಸ್ ಠಾಣೆಗೆ ದೂರು ಕೊಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಬರೆದುಕೊಂಡು ಏನು ಪ್ರಯೋಜನ?

ಗುತ್ತಿಗೆ ತೋಟದವನು

ನಾನು ಟೊಮೆಟೊ ಬೆಳೆಯುವವನು. ನಿಮ್ಮ ಗೋಡೆಯ ಪಕ್ಕದ ತೋಟ ನನ್ನದಲ್ಲ, ಆದರೆ ಇಂಥದ್ದೇ ಒಂದು ಗೋಡೆಯ ಪಕ್ಕ ಮೂರು ಎಕರೆ ಗುತ್ತಿಗೆಗೆ ಮಾಡುತ್ತಿದ್ದೇನೆ. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಮಗುವಿಗೆ ಹಾಗಾಗಿದ್ದು ಕೇಳಿ ನೋವಾಯಿತು ತಾಯಿ. ಆದರೆ ಪೊಲೀಸರನ್ನು ಕರೆಯುವವರಿಗೆ ಒಂದು ಮಾತು. ಔಷಧಿ ಹೊಡೆಯುವುದು ನಮಗೆ ಖುಷಿಯ ಕೆಲಸವಲ್ಲ. ನಾಟಿ ಮಾಡಿ ತಿಂಗಳಾಗುವ ಮೊದಲೇ ಬಿಳಿನೊಣ, ಮೋಡ ಕವಿದರೆ ಅಂಗಮಾರಿ, ಕಾಯಿ ಕಟ್ಟಿದರೆ ಕಾಯಿಕೊರಕ. 2014ರಲ್ಲಿ ಈ ದೇಶಕ್ಕೆ ಕಾಲಿಟ್ಟ ಟೂಟಾ ಹುಳು ಎಲೆಯೊಳಗೇ ಸುರಂಗ ಕೊರೆಯುತ್ತದೆ, ಮೇಲಿಂದ ಹೊಡೆದದ್ದು ಅದಕ್ಕೆ ತಾಕುವುದೇ ಇಲ್ಲ. ಯಾವುದನ್ನು ಎಷ್ಟು ಹಾಕಬೇಕೆಂದು ಹೇಳುವವನು ಗೊಬ್ಬರದಂಗಡಿಯವನೊಬ್ಬನೇ. ಅವನು ಮೂರು ಬಾಟಲಿ ಕೊಟ್ಟು ಒಟ್ಟಿಗೆ ಬೆರೆಸಿ ಎನ್ನುತ್ತಾನೆ. ಸಾಲದಲ್ಲಿ ತಂದವನು ಬೇಡ ಎನ್ನುವುದು ಹೇಗೆ?

ಇನ್ನೊಂದು ವಿಷಯ. ನಿಮಗೆ ಗೋಡೆ ದಾಟಿ ಬಂದದ್ದು ಗಾಳಿ. ಪಂಪನ್ನು ಬೆನ್ನಿಗೆ ಕಟ್ಟಿಕೊಂಡವನ ಅಂಗಿ ಎರಡನೇ ಟ್ಯಾಂಕಿಗೇ ತೊಯ್ದಿರುತ್ತದೆ. ಮುಚ್ಚಳದ ವಾಷರ್ ಸವೆದಿರುತ್ತದೆ, ನಡೆದಂತೆ ಬೆನ್ನ ಮೇಲೆ ಸುರಿಯುತ್ತದೆ. ಅಳತೆ ಮಾಡುವುದಾದರೆ ಅಲ್ಲಿಂದ ಮಾಡಿ.

ಕೊನೆ ಸಾಲಿನ ಮನೆ

ಅಣ್ಣ, ನೀವು ಹೇಳಿದ ಕೊನೆಯ ಮಾತು ನನಗೆ ಹೊಳೆದೇ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಒಂದು ಪ್ರಶ್ನೆ: ನಾಳೆ ಹೊಡೆಯುತ್ತೇವೆ ಎಂದು ಹಿಂದಿನ ದಿನವೇ ಪಕ್ಕದವರಿಗೆ ಹೇಳುವುದು ರೈತರಿಗೆ ಸಾಧ್ಯವೇ? ಅದು ಅತಿಯಾದ ಬೇಡಿಕೆಯೇ?

ರೇಷ್ಮೆ ಮನೆ

ಆ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸಾಧ್ಯವಿದೆ. ನಮ್ಮೂರಲ್ಲಿ ದಿನವೂ ನಡೆಯುತ್ತಿದೆ.

ನಮ್ಮದು ವಿಜಯಪುರದ ಹತ್ತಿರ, ದೇವನಹಳ್ಳಿ ತಾಲ್ಲೂಕು. ಮದುವೆಯಾಗಿ ಬಂದ ವರ್ಷದಿಂದ ಹುಳು ಸಾಕುತ್ತಿದ್ದೇನೆ. ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನು ನಾವು ಒಂದು ಮೊಟ್ಟೆ ಎನ್ನುತ್ತೇವೆ) ತಂದರೆ 40 ಸಾವಿರಕ್ಕೂ ಹೆಚ್ಚು ಹುಳು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಒಂದು ವಾರ ಅವು ತಿನ್ನುವ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತದೆ. ಆ ವಾರದಲ್ಲಿ ಪಕ್ಕದ ಹೊಲದ ಔಷಧಿಯ ಗಾಳಿ ನಮ್ಮ ಸೊಪ್ಪಿನ ಮೇಲೆ ಕುಳಿತರೆ ಮುಗಿಯಿತು. ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ, ಹಸಿರು ರಸ ಕಾರುತ್ತದೆ, ಮೈ ಗಿಡ್ಡವಾಗಿ ಬಿದ್ದುಹೋಗುತ್ತದೆ. ಬೆಳಗ್ಗೆ ಸೊಪ್ಪು ಹಾಕಿದರೆ ಸಂಜೆಗೆ ತಟ್ಟೆ ತುಂಬ ಹೆಣ. ನನ್ನ ಕಣ್ಣಾರೆ ಎರಡು ಬೆಳೆ ಹೀಗೆ ಹೋಗಿದೆ.

ಅದಕ್ಕೇ ನಮ್ಮಲ್ಲಿ ಒಂದು ರೂಢಿ ಬೆಳೆದಿದೆ. ಚಾಕಿ ಹುಳು (ಎಳೆಯ ಮರಿಹುಳು) ಮನೆಗೆ ಬಂದ ದಿನವೇ ಸುತ್ತಲಿನ ತೋಟದವರಿಗೆ ಹೇಳಿ ಬರುತ್ತೇವೆ: ಹುಳು ಬಂದಿದೆ, ಇಂಥ ದಿನಕ್ಕೆ ಹಣ್ಣಾಗುತ್ತದೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ನೋಡಿಕೊಳ್ಳಿ. ದ್ರಾಕ್ಷಿಯವರು, ತರಕಾರಿಯವರು ಹೊಡೆಯಲೇಬೇಕಾದರೆ ಹಿಂದಿನ ಸಂಜೆ ಹೇಳುತ್ತಾರೆ. ನಾವು ಆ ಕಡೆಯ ಸಾಲುಗಳ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳುತ್ತೇವೆ, ಇಲ್ಲವೇ ಆ ಸಾಲುಗಳನ್ನು ಬಿಟ್ಟು ಬೇರೆ ಕಡೆಯಿಂದ ತರುತ್ತೇವೆ. ಅನುಮಾನವಿದ್ದರೆ ಸೊಪ್ಪನ್ನು ಮೊದಲು ಹತ್ತಿಪ್ಪತ್ತು ಹುಳುಗಳಿಗೆ ಮಾತ್ರ ಹಾಕಿ ನೋಡುತ್ತೇವೆ. ಯಾರು ಯಾವ ದಿನ ಏನು ಹೊಡೆದರು ಎಂಬುದು ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಬರೆದಿರುತ್ತದೆ. ನಮ್ಮ ಅತ್ತೆಯ ಕಾಲದಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಗೀರು ಹಾಕುತ್ತಿದ್ದರಂತೆ.

ಇದನ್ನು ಬರೆಯುವಾಗ ನನಗೇ ಸಂಕಟವಾಗುತ್ತಿದೆ. ಹುಳುವಿಗಾಗಿ ಇಷ್ಟು ಮಾಡಿದ ನಾನು, ನನ್ನ ಮಕ್ಕಳು ಅದೇ ಬದುವಿನ ಮೇಲೆ ಆಡುತ್ತಿದ್ದಾಗ ಒಂದು ದಿನವೂ ಅವರನ್ನು ಒಳಗೆ ಕರೆಯಲಿಲ್ಲ. ಹುಳು ಸತ್ತರೆ ಎಣಿಸಬಹುದು, ದುಡ್ಡಿನಲ್ಲಿ ಹೇಳಬಹುದು. ಮಕ್ಕಳ ತಲೆನೋವನ್ನು ಯಾರು ಎಣಿಸಿದರು?

ನಿಮ್ಮ ಗೋಡೆಯ ಆಚೆ ಹಿಪ್ಪುನೇರಳೆ ಇದೆ ಎಂದಿರಿ. ಆ ತೋಟದ ಮನೆಗೆ ಹೋಗಿ ಮಾತನಾಡಿ. ಟೊಮೆಟೊದವರು ಯಾವಾಗ ಹೊಡೆಯುತ್ತಾರೆಂದು ಅವರಿಗೆ ಖಂಡಿತ ಗೊತ್ತಿರುತ್ತದೆ.

ಹೈಸ್ಕೂಲ್ ವಿಜ್ಞಾನ ಮೇಷ್ಟ್ರು

ರೇಷ್ಮೆ ಮನೆಯ ಅಮ್ಮನವರು ಬರೆದದ್ದನ್ನು ನಾಳೆ ತರಗತಿಯಲ್ಲಿ ಓದಿ ಹೇಳುತ್ತೇನೆ.

ಕೊನೆ ಸಾಲಿನ ಮೇಡಂ, ನಿಮ್ಮ ಮನೆ ತೋಟದ ಪಶ್ಚಿಮಕ್ಕಿದೆ. ದೀಪಾವಳಿಯಿಂದ ಚಳಿ ಮುಗಿಯುವವರೆಗೆ ಬೆಂಗಳೂರಿನಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಅಂದರೆ ನೇರ ನಿಮ್ಮ ಮನೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯದ ಗಾಳಿ. ಆಗ ನಿಮಗೆ ಏನೂ ತಿಳಿಯುವುದಿಲ್ಲ. ಆದರೆ ಆಗ ತೋಟದ ಪೂರ್ವಕ್ಕಿರುವವರು ಯಾರು? ಪಾಲಿಹೌಸ್ ಇದೆ ಎಂದಿರಿ, ಅದರ ಪಕ್ಕ ಕೆಲಸಗಾರರ ಶೆಡ್‌ಗಳೂ ಇರಬೇಕು. ಅವರು ವರ್ಷವಿಡೀ ಅಲ್ಲೇ ಇರುವವರು. ನಿಮ್ಮ ಲೆಕ್ಕದ ಪುಸ್ತಕದ ಒಂದು ಪ್ರತಿ ಅವರಲ್ಲೂ ಇರಬೇಕು.

ಬೆಳಗಿನ ಜಾವದ ವಿಷಯವೂ ಇದೆ. ಚಳಿಗಾಲದಲ್ಲಿ ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ಕೂರುತ್ತದೆ. ಅಡುಗೆಮನೆಯ ಹೊಗೆ ಮೇಲೇರದೆ ಅಡ್ಡಕ್ಕೆ ಚಾಚಿಕೊಂಡಿದ್ದರೆ ಅದೇ ಗುರುತು. ಗಾಳಿಯೇ ಇಲ್ಲ, ಹೊಡೆಯಲು ಒಳ್ಳೆಯ ಸಮಯ ಎಂದು ರೈತರು ಭಾವಿಸುತ್ತಾರೆ. ಆದರೆ ಆ ಹೊತ್ತಿನಲ್ಲಿ ಸಣ್ಣ ಹನಿಗಳು ಚದುರದೆ ಒಂದೇ ಮಟ್ಟದಲ್ಲಿ ತೇಲಿಕೊಂಡು ದೂರ ಹೋಗುತ್ತವೆ. ಬಿಸಿಲೇರಿ ಎಲೆಗಳು ಸ್ವಲ್ಪ ಅಲುಗಾಡತೊಡಗಿದ ಮೇಲೆ, ಗಾಳಿ ಮನೆಗಳಿಂದ ಆಚೆಗೆ ಇರುವಾಗ ಹೊಡೆದರೆ ಎಷ್ಟೋ ವಾಸಿ.

ಪುಸ್ತಕದಲ್ಲಿ ಬರೆಯಬೇಕಾದದ್ದು ಹೆಚ್ಚೇನಿಲ್ಲ. ದಿನ, ಗಂಟೆ, ಗಾಳಿಯ ದಿಕ್ಕು (ತಾರಸಿಯ ಕಂಬಿಗೆ ಒಂದು ಹಗುರ ರಿಬ್ಬನ್ ಕಟ್ಟಿ), ಯಾವ ಬೆಳೆ, ಗೊತ್ತಾದರೆ ಡಬ್ಬಿಯ ಹೆಸರು ಮತ್ತು ಅದರ ಮೇಲಿನ ತ್ರಿಕೋನದ ಬಣ್ಣ. ಕೆಂಪು ಎಂದರೆ ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಮನೆಯಲ್ಲಿ ಯಾರಿಗೆ ಏನಾಯಿತು, ಎಷ್ಟು ಹೊತ್ತು ಇತ್ತು. ಬಹಳ ಮುಖ್ಯವಾದದ್ದು: ಏನೂ ಆಗದ ದಿನಗಳನ್ನೂ ಬರೆಯಿರಿ. ಔಷಧಿ ಹೊಡೆಯದ ದಿನವೂ ಮಗು ಕೆಮ್ಮುತ್ತಿದ್ದರೆ ಅದು ತಿಳಿಯಬೇಕು. ಆ ಸಾಲುಗಳಿಲ್ಲದಿದ್ದರೆ ಉಳಿದವಕ್ಕೆ ಬೆಲೆಯಿಲ್ಲ.

ಮೂರನೇ ಅಡ್ಡರಸ್ತೆ ನಿವಾಸಿ

ಗಾಳಿಯ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿಸಲು ಆಗುವುದಿಲ್ಲವೇ? ಖರ್ಚನ್ನು ಸಂಘದಿಂದ ಕೊಡೋಣ. ಕಾಗದದ ವರದಿ ಕೈಯಲ್ಲಿದ್ದರೆ ಯಾರೂ ಅಲ್ಲಗಳೆಯಲಾರರು.

ಪ್ರಯೋಗಾಲಯದಲ್ಲಿ ಮೂವತ್ತು ವರ್ಷ

ನಿವೃತ್ತನಾಗಿದ್ದೇನೆ. ಉಳಿಕೆ ವಿಷದ, ಅಂದರೆ ಹೊಡೆದ ಮೇಲೆ ಉಳಿಯುವ ಕೀಟನಾಶಕದ, ಪರೀಕ್ಷೆಯೇ ನನ್ನ ಕೆಲಸವಾಗಿತ್ತು. ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲ, ಆದರೆ ಹಣ ಪೋಲಾಗಬಾರದು.

ಗಾಳಿಯ ಪರೀಕ್ಷೆ ಜನರ ಕೈಯಿಂದ ಆಗದ್ದೇನಲ್ಲ. ಕ್ಯಾಲಿಫೋರ್ನಿಯಾದ ಲಿಂಡ್ಸೇ ಎಂಬ ಊರು ಕಿತ್ತಳೆ ತೋಟಗಳ ನಡುವೆ ಇದೆ. ಅಲ್ಲಿನ ನಿವಾಸಿಗಳು 2004ರಿಂದ ಸತತವಾಗಿ ಕೆಲವು ವರ್ಷ ತಮ್ಮ ಮನೆಯಂಗಳದಲ್ಲೇ ಗಾಳಿ ಹೀರುವ ಸಣ್ಣ ಯಂತ್ರ ಇಟ್ಟರು. ಅದರ ಗಾಜಿನ ನಳಿಕೆಯೊಳಗಿನ ರಾಳ ಗಾಳಿಯಲ್ಲಿನ ಕೀಟನಾಶಕವನ್ನು ಹಿಡಿದಿಡುತ್ತದೆ. ಅವರಿಗೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಸಿಕ್ಕಿತು. ಅಲ್ಲಿ ಈಗ ಶಾಲೆಗಳ ಕಾಲು ಮೈಲಿ ಸುತ್ತ, ಶಾಲಾ ದಿನಗಳಲ್ಲಿ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ದೂರ ತೇಲುವಂಥ ಸಿಂಪಡಣೆಗಳು ನಿಷಿದ್ಧ, 2018ರಿಂದ. ಇದೊಂದೇ ಊರಿನಿಂದ ಆಯಿತೆಂದು ಹೇಳುವುದಿಲ್ಲ. ಆದರೆ ಅಂಥ ಊರುಗಳ ಲೆಕ್ಕದ ಪುಸ್ತಕಗಳಿಲ್ಲದೆ ಆಗುತ್ತಿರಲಿಲ್ಲ ಎಂದು ನಂಬಿದ್ದೇನೆ.

ನಮ್ಮಲ್ಲಿ ಈಗಲೇ ಮಾಡಬಹುದಾದದ್ದು ಸೊಪ್ಪಿನ, ಧೂಳಿನ, ನೀರಿನ ಪರೀಕ್ಷೆ. ತೊಟ್ಟಿಯ ಪಕ್ಕದ ಪುದೀನ, ಕಿಟಕಿಯ ಗ್ರಿಲ್ ಮೇಲಿನ ಧೂಳು ಸಾಕು. ಹೊಡೆಯುವ ಮೊದಲು ಒಂದು, ಹೊಡೆದ ಮೇಲೆ ಒಂದು, ತೋಟದಿಂದ ಬಹಳ ದೂರದ ಮನೆಯಿಂದ ಇನ್ನೊಂದು. ಹೋಲಿಸಲು ಬೇರೆ ಮಾದರಿ ಇಲ್ಲದಿದ್ದರೆ ವರದಿಯ ಅಂಕಿಗೆ ಅರ್ಥವಿಲ್ಲ. ತೆಗೆದವರ ಸಹಿ, ಸಮಯ, ಫೋಟೊ ಇರಲಿ. ತಕ್ಷಣ ತಣ್ಣಗಿಟ್ಟು ಒಯ್ಯಿರಿ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯವೇ ಆಗಲಿ.

ಏನು ಹೊಡೆದರೆಂದು ಗೊತ್ತಿಲ್ಲದಿದ್ದರೆ ಏನನ್ನು ಹುಡುಕಬೇಕೆಂದೂ ಗೊತ್ತಾಗುವುದಿಲ್ಲ. ಒಂದೇ ಪರೀಕ್ಷೆಯಲ್ಲಿ ನೂರಾರು ಕೀಟನಾಶಕಗಳನ್ನು ನೋಡಬಹುದು ಎಂಬುದು ನಿಜ. ಆದರೆ ಪ್ಯಾರಾಕ್ವಾಟ್, ಗ್ಲೈಫೊಸೇಟ್‌ನಂಥ ಕಳೆನಾಶಕಗಳು ಆ ಬಲೆಗೆ ಬೀಳುವುದಿಲ್ಲ, ಅವಕ್ಕೆ ಬೇರೆ ಪರೀಕ್ಷೆ ಬೇಕು. 'ಏನೂ ಸಿಗಲಿಲ್ಲ' ಎಂದು ಬರೆದುಕೊಟ್ಟ ಕಾಗದ ಮುಂದೆ ನಿಮ್ಮ ವಿರುದ್ಧವೇ ಬಳಕೆಯಾಗುತ್ತದೆ. ಆದ್ದರಿಂದ ಮೊದಲು ಡಬ್ಬಿಯ ಹೆಸರು ತಿಳಿಯಬೇಕು. ಆ ಹೆಸರನ್ನು ಹೇಳಬಲ್ಲವನು ಹೊಡೆಯುವವನು. ಅವನ ಮೇಲೆ ಪೊಲೀಸರನ್ನು ಕರೆದ ಮೇಲೆ ಹೇಳುತ್ತಾನೆಯೇ?

ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್

ಒಂದು ಮಾತಿನ ಗೊಂದಲದಿಂದ ಎಷ್ಟು ಹಾನಿಯಾಗುತ್ತದೆ ನೋಡಿ. ಕೂಲಿಗೆ ಹೋದವರು ನಮ್ಮಲ್ಲಿಗೆ ಬಂದು 'ಔಷಧಿ ಹೊಡೆದು ಬಂದೆ, ತಲೆ ಸುತ್ತುತ್ತಿದೆ' ಎನ್ನುತ್ತಾರೆ. ನಗರದಿಂದ ಹೊಸದಾಗಿ ಬಂದ ವೈದ್ಯರು ಯಾವ ಮಾತ್ರೆ ತೆಗೆದುಕೊಂಡಿರಿ ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ನಾನು ಈಗ ಮೂರು ಪ್ರಶ್ನೆ ತಪ್ಪದೆ ಕೇಳುತ್ತೇನೆ: ನಿನ್ನೆ ಇವತ್ತಿನಲ್ಲಿ ಯಾವ ತೋಟಕ್ಕೆ ಹೋಗಿದ್ದಿರಿ, ಅಲ್ಲಿ ಏನು ಹೊಡೆದಿದ್ದರು, ಬಾಟಲಿ ಎಲ್ಲಿದೆ.

ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ಜೊಲ್ಲು, ಬೆವರು, ಕಣ್ಣೀರು ಒಟ್ಟಿಗೆ ಸುರಿಯುತ್ತಿದ್ದರೆ, ಮಾಂಸಖಂಡಗಳು ಅದಿರುತ್ತಿದ್ದರೆ ಅದು ಆರ್ಗನೊಫಾಸ್ಫೇಟ್ ಅಥವಾ ಕಾರ್ಬಮೇಟ್ ಎಂಬ ಗುಂಪಿನ ಕೀಟನಾಶಕದ ವಿಷವಿರಬಹುದು. ಒಂದು ನಿಮಿಷವೂ ಕಾಯಬೇಡಿ. ತೊಯ್ದ ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, 108ಕ್ಕೆ ಕರೆ ಮಾಡಿ. ನುಂಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿ ಅಥವಾ ಅದರ ಚೀಟಿ ಜೊತೆಗಿರಲಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ವೈದ್ಯರೂ ಅಲ್ಲಿ ಕೇಳುತ್ತಾರೆ.

ದ್ರಾಕ್ಷಿ ತೋಟದವರಿಗೆ ಬೇರೆಯಾಗಿ ಒಂದು ಎಚ್ಚರಿಕೆ. ಬಳ್ಳಿ ಸವರಿದ ಮೇಲೆ ಚಿಗುರು ಒಡೆಯಲೆಂದು ಬಳಿಯುವ ಹೈಡ್ರೋಜನ್ ಸಯನಮೈಡ್ ಮೈಗೆ ತಾಕಿದ ದಿನ, ಅದರ ನಂತರ ಕೆಲವು ದಿನ ಕೂಡ, ಮದ್ಯ ಮುಟ್ಟಬಾರದು. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ದಿನದ ಕೂಲಿಯ ಜೊತೆಗೆ ಒಂದು ಪ್ಯಾಕೆಟ್ ಕೊಡುವ ಪದ್ಧತಿ ಕೆಲವು ತೋಟಗಳಲ್ಲಿದೆ. ದಯವಿಟ್ಟು ನಿಲ್ಲಿಸಿ.

ಕಾನೂನು ಓದಿದವಳು

ಸಿಸ್ಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ. 1968ರ ಕೀಟನಾಶಕ ಕಾಯ್ದೆಯ 26ನೇ ಕಲಂ ಪ್ರಕಾರ, ಕೀಟನಾಶಕದಿಂದಾದ ವಿಷಬಾಧೆಯ ಪ್ರಕರಣಗಳನ್ನು ವರದಿ ಮಾಡಬೇಕೆಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಬಹುದು. 1971ರ ನಿಯಮಗಳಲ್ಲಿ 37ನೆಯದು ಇನ್ನೂ ಸ್ಪಷ್ಟ: ಸಿಂಪಡಣೆಯಲ್ಲಿ ತೊಡಗಿದವರಿಗೂ ವೈದ್ಯಕೀಯ ತಪಾಸಣೆ ಆಗಬೇಕು, ಆರ್ಗನೊಫಾಸ್ಫರಸ್ ಅಥವಾ ಕಾರ್ಬಮೇಟ್ ಜೊತೆ ಕೆಲಸ ಮಾಡುವವರ ರಕ್ತದ ಕೋಲಿನೆಸ್ಟರೇಸ್ (ನರಗಳ ಕೆಲಸಕ್ಕೆ ಬೇಕಾದ, ಈ ವಿಷಗಳು ತಡೆಯುವ ಕಿಣ್ವ) ಮಟ್ಟವನ್ನು ತಿಂಗಳಿಗೊಮ್ಮೆ ನೋಡಬೇಕು. ಅರ್ಧ ಶತಮಾನದ ಹಿಂದೆ ಬರೆದ ಸಾಲು. ನಿಮ್ಮ ತೋಟಗಳಲ್ಲಿ ಒಬ್ಬರಿಗಾದರೂ ಈ ಪರೀಕ್ಷೆ ಆಗಿದೆಯೇ, ಹೇಳಿ.

ಗುತ್ತಿಗೆ ತೋಟದವನು

ಹೆಸರೇ ಇವತ್ತು ಮೊದಲು ಕೇಳಿದೆ.

ಪ್ರಯೋಗಾಲಯದಲ್ಲಿ ಮೂವತ್ತು ವರ್ಷ

ಆ ಪರೀಕ್ಷೆಯ ಗುಟ್ಟು ಹೇಳಿಬಿಡುತ್ತೇನೆ. ಕೋಲಿನೆಸ್ಟರೇಸ್ ಮಟ್ಟ ಮನುಷ್ಯರಿಂದ ಮನುಷ್ಯರಿಗೆ ಬಹಳ ವ್ಯತ್ಯಾಸವಾಗುತ್ತದೆ. ಒಬ್ಬನ ಮಟ್ಟ ಅರ್ಧಕ್ಕೆ ಇಳಿದರೂ ವರದಿಯಲ್ಲಿ 'ಸಾಮಾನ್ಯ' ಎಂದೇ ಬರಬಹುದು. ಆದ್ದರಿಂದ ಹಂಗಾಮು ಶುರುವಾಗುವ ಮೊದಲು, ಒಂದು ತಿಂಗಳು ಔಷಧಿ ಮುಟ್ಟದೆ ಇದ್ದಾಗ, ಒಮ್ಮೆ ರಕ್ತ ಕೊಟ್ಟು ಆ ಅಂಕಿಯನ್ನು ಬರೆದಿಡಬೇಕು. ನಂತರದ್ದನ್ನು ಅದರ ಜೊತೆಗೇ ಹೋಲಿಸಬೇಕು. ಕ್ಯಾಲಿಫೋರ್ನಿಯಾದ ನಿಯಮದಂತೆ ಕೆಂಪು ರಕ್ತಕಣದ ಮಟ್ಟ ಮೊದಲಿನ 70 ಶೇಕಡಾಕ್ಕೆ, ಅಥವಾ ಪ್ಲಾಸ್ಮಾದ ಮಟ್ಟ 60 ಶೇಕಡಾಕ್ಕೆ ಇಳಿದರೆ ಆ ಕೆಲಸಗಾರನನ್ನು ಸಿಂಪಡಣೆಯಿಂದ ಬಿಡಿಸಬೇಕು. 80ಕ್ಕೆ ಏರುವವರೆಗೆ ವಾಪಸ್ ಹಚ್ಚುವಂತಿಲ್ಲ. ಎರಡೂ ಪರೀಕ್ಷೆಯನ್ನು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ. ಶಿಲೀಂಧ್ರನಾಶಕಗಳ, ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳ ಬಾಧೆ ಇದರಲ್ಲಿ ಕಾಣುವುದಿಲ್ಲ ಎಂಬುದೂ ನೆನಪಿರಲಿ.

ಪುತ್ತೂರಿನಿಂದ ಬಂದವರು

ಬರೆದುಕೊಂಡು ಏನು ಪ್ರಯೋಜನ ಎಂದು ಮೇಲೆ ಒಬ್ಬರು ಕೇಳಿದ್ದಾರೆ. ನನ್ನ ತವರು ಕಾಸರಗೋಡಿನ ಗಡಿಗೆ ಹತ್ತಿರ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳು ನಮ್ಮ ಮನೆಗಳಲ್ಲಿ ಇನ್ನೂ ಮಲಗಿದಲ್ಲೇ ಮಲಗಿವೆ. ಅದು ಹೊರಗೆ ಬಂದದ್ದು ಹೇಗೆ? ಎಣ್ಮಕಜೆಯ ವೈದ್ಯ ವೈ. ಎಸ್. ಮೋಹನ್ ಕುಮಾರ್ ಅವರು ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ರೋಗಿಗಳು ಯಾಕೆ ಎಂದು ಮನೆ ಮನೆಯ ಲೆಕ್ಕ ನೋಡಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯಕ್ಕೆ ಹೋದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿದ್ದು 2011ರ ಮೇ 13ರಂದು. ತಡವಾಯಿತು, ಬಹಳ ತಡವಾಯಿತು. ಯಾರೂ ಬರೆದುಕೊಳ್ಳದೇ ಇದ್ದ ವರ್ಷಗಳೇ ನಮ್ಮನ್ನು ಕೊಂದದ್ದು ಸಾರ್.

ಮೂರನೇ ಅಡ್ಡರಸ್ತೆ ನಿವಾಸಿ

ನನ್ನ ಪ್ರಶ್ನೆಯನ್ನು ಹಿಂತೆಗೆದುಕೊಳ್ಳುತ್ತೇನೆ. ನಾಳೆ ತಾರಸಿಗೆ ರಿಬ್ಬನ್ ಕಟ್ಟುತ್ತೇನೆ. ತಂದೆಯವರ ಇನ್‌ಹೇಲರ್ ಬಳಸಿದ ಸಮಯಗಳನ್ನೂ ಬರೆಯುತ್ತೇನೆ.

ಪಂಪು ಹೊಡೆಯುವವರ ಮಗಳು

ನಾನು ಡಿಗ್ರಿ ಎರಡನೇ ವರ್ಷ. ನಮ್ಮ ಅಪ್ಪ ಈ ಕಡೆಯ ಏಳೆಂಟು ತೋಟಗಳಿಗೆ ಕೂಲಿಗೆ ಔಷಧಿ ಹೊಡೆಯುತ್ತಾರೆ. ಟ್ಯಾಂಕ್ ಲೆಕ್ಕದಲ್ಲಿ ದುಡ್ಡು. ರೈತರು ಅವರವರ ತೋಟಕ್ಕೆ ವಾರಕ್ಕೊಮ್ಮೆ ಹೊಡೆಸಬಹುದು, ಅಪ್ಪ ವಾರದ ಆರು ದಿನವೂ ಹೊಡೆಯುತ್ತಾರೆ. ಯಾವ ತೋಟಕ್ಕೆ ಯಾವ ಬಾಟಲಿ ಎಂಬುದು ಅವರೊಬ್ಬರಿಗೇ ಪೂರ್ತಿ ಗೊತ್ತು. ಆದರೆ ಓದಲು ಬರುವುದಿಲ್ಲ. ಬಾಟಲಿಯ ಬಣ್ಣ, ಚಿತ್ರ ನೋಡಿ ಗುರುತು ಹಿಡಿಯುತ್ತಾರೆ. ನಿನ್ನೆಯಿಂದ ನಾನು ಅವರ ಮೊಬೈಲಿನಲ್ಲಿ ಪ್ರತಿ ಬಾಟಲಿಯ ಫೋಟೊ ತೆಗೆಯುವುದನ್ನು ಕಲಿಸಿದ್ದೇನೆ. ರಾತ್ರಿ ನಾನು ಬರೆದಿಡುತ್ತೇನೆ.

ಅವರ ಅಂಗಿಯನ್ನು ಅಮ್ಮ ನಮ್ಮ ಬಟ್ಟೆಗಳ ಜೊತೆಗೇ ಒಗೆಯುತ್ತಿದ್ದರು. ಇವತ್ತಿನಿಂದ ಬೇರೆ ಬಕೆಟ್.

ಕೊನೆ ಸಾಲಿನ ಮನೆ

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ರೇಷ್ಮೆ ಮನೆಯ ಅಮ್ಮ ಹೇಳಿದಂತೆ ಹಿಪ್ಪುನೇರಳೆ ತೋಟದವರ ಮನೆಗೆ ಹೋದೆ. ಗೋಡೆಯ ಆಚೆ ಎರಡು ವರ್ಷದಿಂದ ಇರುವ ಆ ಮನೆಗೆ ಅದೇ ಮೊದಲ ಭೇಟಿ. ಅವರ ಕ್ಯಾಲೆಂಡರಿನಲ್ಲಿ ನಿಜವಾಗಿಯೂ ಗುರುತುಗಳಿದ್ದವು. ನಾನು ಆ ಹೊತ್ತಿಗೇ ಬರೆದಿಟ್ಟ ಮೂರನೇ ದಿನಾಂಕ ಅವರದ್ದಕ್ಕೆ ಸರಿಯಾಗಿ ಹೊಂದಿತು. ನೆನಪಿನಿಂದ ಬರೆದ ಎರಡರಲ್ಲಿ ಒಂದು ತಪ್ಪಿತ್ತು. ಆ ದಿನ ಯಾರೂ ಹೊಡೆದಿರಲಿಲ್ಲ.

ಅವರೇ ಟೊಮೆಟೊದವರನ್ನು ಕರೆಸಿದರು. ಕಾಫಿ ಕುಡಿಯುತ್ತ ಮಾತಾಯಿತು. ಅವರು ಒಪ್ಪಿದ್ದು: ಹಿಂದಿನ ಸಂಜೆ ಹುಳುವಿನ ಮನೆಗೆ ಹೇಳುವಾಗ ನಮಗೂ ಒಂದು ಸಂದೇಶ, ಗೋಡೆಯ ಪಕ್ಕದ ಆರು ಸಾಲುಗಳನ್ನು ಮಕ್ಕಳು ಶಾಲೆಗೆ ಹೋದ ಮೇಲೆ ಗಾಳಿ ನೋಡಿ ಹೊಡೆಯುವುದು. ನಾವು ಒಪ್ಪಿದ್ದು: ಆ ಸಂದೇಶವನ್ನು ಹಿಡಿದುಕೊಂಡು ಯಾರೂ ಎಲ್ಲಿಯೂ ದೂರು ಕೊಡುವುದಿಲ್ಲ ಎಂದು. ಇದನ್ನು ಸಂಘದ ಸಭೆಯಲ್ಲಿ ಒಪ್ಪಿಸಲು ಎರಡು ಗಂಟೆ ಬೇಕಾಯಿತು. ಟೂಟಾಗೆ ಮೋಹಕ ಬಲೆ (ಹೆಣ್ಣಿನ ವಾಸನೆಯಿಂದ ಗಂಡು ಚಿಟ್ಟೆಗಳನ್ನು ಸೆಳೆದು ಹಿಡಿಯುವ ಬಲೆ) ತೂಗುಹಾಕಲು ಬೇಕಾದ ಹಣದಲ್ಲಿ ಅರ್ಧ ಸಂಘದ್ದು.

ಪಾಲಿಹೌಸ್‌ನ ಶೆಡ್‌ಗಳವರೆಗೆ ಇನ್ನೂ ಹೋಗಲಾಗಿಲ್ಲ. ಗೇಟಿನಲ್ಲಿ ಬಿಡಲಿಲ್ಲ. ಅಲ್ಲಿ ಎಂಟು ಕುಟುಂಬಗಳಿವೆ, ಮಕ್ಕಳಿದ್ದಾರೆ. ಸಿಸ್ಟರ್, ನಿಮ್ಮ ಲಸಿಕೆಯ ಭೇಟಿಯ ದಿನ ನಾನೂ ಜೊತೆಗೆ ಬರಬಹುದೇ?

ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್

ಆ ಕಡೆ ನಮ್ಮ ಕೇಂದ್ರದ ವ್ಯಾಪ್ತಿಯಲ್ಲ. ಅಲ್ಲಿನ ಆಶಾ ಕಾರ್ಯಕರ್ತೆಗೆ ಹೇಳಿದ್ದೇನೆ. ಗುರುವಾರ ಹತ್ತು ಗಂಟೆಗೆ ಗೇಟಿನ ಹತ್ತಿರ ಇರಿ. ಪುಸ್ತಕದ ಎರಡು ಪ್ರತಿ ತನ್ನಿ.

ಪಂಪು ಹೊಡೆಯುವವರ ಮಗಳು

ಅಕ್ಕ, ಒಂದು ವಿಷಯ ಕೇಳಬೇಕಿತ್ತು. ರಕ್ತಪರೀಕ್ಷೆಗೆ ಒಂದು ತಿಂಗಳು ಔಷಧಿ ಮುಟ್ಟದೆ ಇರಬೇಕು ಎಂದಿದ್ದಾರೆ. ಒಂದು ತಿಂಗಳು ಕೂಲಿ ಬಿಡಲು ನಮ್ಮಿಂದ ಆಗುವುದಿಲ್ಲ.

ಗುತ್ತಿಗೆ ತೋಟದವನು

ತಂಗಿ, ನಿಮ್ಮ ತಂದೆ ನನ್ನ ತೋಟಕ್ಕೂ ಬರುತ್ತಾರೆ, ಫೋಟೊ ತೆಗೆಯುವಾಗಲೇ ಗೊತ್ತಾಯಿತು. ನನಗೆ ಈ ತಿಂಗಳು ಕೋಲು ನೆಡುವ, ದಾರ ಕಟ್ಟುವ ಕೆಲಸವಿದೆ, ಬಿಡಿಸುವ ಕೆಲಸವಿದೆ. ಔಷಧಿ ಮುಟ್ಟುವಂತಿಲ್ಲ. ಬಿಡಿಸುವುದಕ್ಕೆ ಎರಡು ದಿನ ಮೊದಲು ಹೊಡೆದ ಸಾಲುಗಳಿಗೆ ಅವರನ್ನು ಕಳುಹಿಸುವುದಿಲ್ಲ. ಹತ್ತು ದಿನದ ಕೆಲಸ ನನ್ನದು. ಉಳಿದ ದಿನಗಳಿಗೆ ಹಿಪ್ಪುನೇರಳೆಯವರನ್ನು ಕೇಳಿದ್ದೇನೆ, ಅವರ ತೋಟಕ್ಕೆ ಹೇಗೂ ಔಷಧಿ ಹೊಡೆಯುವುದಿಲ್ಲ. ಸೋಮವಾರದಿಂದ ಬರಲು ಹೇಳಿ.